ಮಲಗಿದ ಬಾಟಲಿಗಳು

ಹೋದ ಗುರುವಾರ ಸಂಜೆ ನಮ್ಮ ಅಡಿಗೆಮನೆಯಲ್ಲಿ ಮೂವರಿದ್ದೆವು: ನಾನು, ಬೇಸಿಗೆ ರಜೆಯಲ್ಲಿ ಸೋಮಾರಿಯಾಗಿ ಕೂತಿದ್ದ ನನ್ನ ಮಗಳು ತನ್ವಿ, ಮತ್ತು ವರ್ಜೀನಿಯಾದ ಆಶ್‌ಬರ್ನ್‌ನಿಂದ ಇಡೀ ದಿನ ಕಾರು ಓಡಿಸಿಕೊಂಡು ಶಾರ್ಲೆಟ್‌ಗೆ ಬಂದಿಳಿದಿದ್ದ ನನ್ನ ಕಾಲೇಜಿನ ಗೆಳತಿ ಶ್ರುತಿ. ಒಗ್ಗರಣೆಗೆ ಎಣ್ಣೆ ತೆಗೆಯಲು ಕಪಾಟಿನ ಬಾಗಿಲು ಎಳೆದ ಶ್ರುತಿ ಹಾಗೇ ನಿಂತುಬಿಟ್ಟಳು.

“ಏನೇ ಇದು? ಬಾಟಲಿಗಳೆಲ್ಲ ಮಲಗಿವೆ!”

ನಿಜ. ಎಳ್ಳೆಣ್ಣೆ, ವಿನೆಗರ್, ಜೇನುತುಪ್ಪ, ಹಿಂದೆ ಅವಳೇ ಪಾರ್ಸೆಲ್ ಕಳಿಸಿದ್ದ ಗುಲಾಬಿ ಶರಬತ್ತು, ಎಲ್ಲವೂ ಕತ್ತನ್ನು ಗೋಡೆಯ ಕಡೆ ಮಾಡಿಕೊಂಡು, ಒಂದರ ಪಕ್ಕ ಒಂದು, ಛತ್ರದಲ್ಲಿ ಮದುವೆಗೆ ಬಂದ ನೆಂಟರ ಹಾಗೆ ಮಲಗಿದ್ದವು.

ತನ್ವಿ ಫೋನಿನಿಂದ ತಲೆ ಎತ್ತದೆ ಹೇಳಿದಳು: “ದೊಡ್ಡಜ್ಜಿ ಮಲಗಿಸಿದ್ದು, ಆಂಟಿ. ಯಾರೂ ಎಬ್ಬಿಸಬಾರ್ದು. ಇಟ್ಸ್ ಅ ರೂಲ್.”

“ಯಾವ ದೊಡ್ಡಜ್ಜಿ? ಅವರು ಹೋಗಿ ಎಷ್ಟು ದಿನ ಆಯ್ತೇ!” ಎಂದಳು ಶ್ರುತಿ ಮೆಲ್ಲಗೆ, ನನ್ನ ಮುಖ ನೋಡುತ್ತ.

ಅವಳಿಗೆ ಅಂದು ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಕಾಫಿ ಇದ್ದರೆ ಪಕ್ಕಕ್ಕಿಟ್ಟುಕೊಳ್ಳಿ. ನನ್ನ ಮಾತು ನೆಟ್ಟಗೆ ಹೋಗುವುದಿಲ್ಲ, ಸಿಕ್ಕ ಓಣಿಗೆಲ್ಲ ನುಗ್ಗಿ ಬರುತ್ತದೆ. ಅದೂ ದೊಡ್ಡಮ್ಮನಿಂದಲೇ ಬಂದ ಚಾಳಿ.

ದೊಡ್ಡಮ್ಮ ಎಂದರೆ ನಮ್ಮಮ್ಮನ ಅಕ್ಕ, ತನ್ವಿಯ ದೊಡ್ಡಜ್ಜಿ. ಹುಟ್ಟಿದ್ದು, ಮದುವೆಯಾದದ್ದು, ಅಂಗಡಿ ಇಟ್ಟದ್ದು ಎಲ್ಲ ಕೋಲಾರದ ಚಿನ್ನದ ಗಣಿಯ ಊರಿನಲ್ಲಿ. ನನ್ನ ಬಾಲ್ಯದ ಬೇಸಿಗೆಗಳೆಲ್ಲ ಅವರ ಅಂಗಡಿಯ ಅಕ್ಕಿಮೂಟೆಯ ಮೇಲೆ ಕಳೆದವು. ನನಗೆ ಇವತ್ತು ಏನಾದರೂ ಕನ್ನಡ ಬರುತ್ತಿದ್ದರೆ ಅದು ಶಾಲೆಯದಲ್ಲ, ಆ ಮೂಟೆಯದು. ತಮಿಳಿನವರಿಗೆ ತಮಿಳು, ತೆಲುಗಿನವರಿಗೆ ತೆಲುಗು, ಬೈಗುಳಕ್ಕೆ ಮಾತ್ರ ಅಚ್ಚ ಕನ್ನಡ ಎಂಬುದು ಅವರ ಅಂಗಡಿಯ ಭಾಷಾನೀತಿ. ಇಂಗ್ಲಿಷೂ ಇತ್ತು. ಅವರ ಅಪ್ಪ ಗಣಿಯ ದೊರೆಗಳಿಗೆ ಬಿಸ್ಕತ್ತು ಮಾರುತ್ತಿದ್ದ ಕಾಲದಿಂದ ಉಳಿದು ಬಂದದ್ದು: “ಫ್ರೆಶ್ ಸಾರ್”, “ಟುಮಾರೋ ಸಾರ್”, ಮತ್ತು ಅಂಗಡಿಯ ಬಾಗಿಲು ತಗ್ಗಾಗಿದ್ದುದರಿಂದ, “ಮೈಂಡ್ ಯುವರ್ ಹೆಡ್ ಸಾರ್.”

ಆ ಬೀದಿಯಲ್ಲಿ ಗಣಿಗೆ ಇಳಿಯದೆ ಗಣಿಯಿಂದಲೇ ಬದುಕುವವರು ಎಷ್ಟೊಂದು ಜನ! ಕಾರ್ಬೈಡ್ ದೀಪ ರಿಪೇರಿ ಮಾಡುವ ಸಾಹೇಬರು. ಮಂಡಿಗೆ ಎರಡು ಪದರ ಬಟ್ಟೆ ಕೊಟ್ಟು ಪ್ಯಾಂಟು ಹೊಲಿಯುವ ಟೈಲರ್ ಮುನಿಸ್ವಾಮಿ. ಪಾಳಿ ಮುಗಿಯುವ ಹೊತ್ತಿಗಷ್ಟೇ ಬಾಗಿಲು ತೆರೆಯುವ ಕ್ಷೌರದಂಗಡಿ. ಬುತ್ತಿ ಡಬ್ಬಿಯ ನೆಗ್ಗು ತೆಗೆಯುವ ಮುದುಕ. ಇವರೆಲ್ಲರ ಗಡಿಯಾರ ಒಂದೇ, ಗಣಿಯ ಸೈರನ್. ಇವರೆಲ್ಲರ ಹೆದರಿಕೆಯೂ ಒಂದೇ. ಆಗಾಗ ನೆಲದ ಆಳದಲ್ಲಿ ಬಂಡೆ ಸಿಡಿಯುತ್ತಿತ್ತು. ಇಡೀ ಊರು ಒಮ್ಮೆ ಮೈ ಕೊಡವಿದ ಹಾಗೆ ಅಲುಗುತ್ತಿತ್ತು. ನಿಲ್ಲಿಸಿಟ್ಟ ಬಾಟಲಿ ಬಿದ್ದು ಒಡೆಯುತ್ತದೆ, ಮಲಗಿಸಿಟ್ಟದ್ದು ಉಳಿಯುತ್ತದೆ. ಆದ್ದರಿಂದ ಅಲ್ಲಿ ಗಾಜಿನ ಸಾಮಾನು ನಿಲ್ಲುವುದಿಲ್ಲ.

ಎರಡು ಸಾವಿರದ ಇಪ್ಪತ್ತರ ಚಳಿಯಲ್ಲಿ, ದೊಡ್ಡಪ್ಪ ತೀರಿಕೊಂಡ ಮೇಲೆ, “ಒಂದ್ ಆರ್ ತಿಂಗ್ಳು ಇದ್ದು ಹೋಗಿ” ಎಂದು ನಾನೇ ಅವರನ್ನು ಕರೆಸಿಕೊಂಡೆ. ಬಂದ ಮರುದಿನವೇ ನನ್ನ ಕಪಾಟಿನ ಬಾಟಲಿಗಳೆಲ್ಲ ಮಲಗಿದವು. ಎಳ್ಳೆಣ್ಣೆಯ ಮುಚ್ಚಳ ಸಡಿಲವಾಗಿತ್ತು. ಕಪಾಟಿನ ಮೂರು ಅರೆಗಳನ್ನು ದಾಟಿ ನೆಲಕ್ಕಿಳಿದ ಎಣ್ಣೆಯಲ್ಲಿ ನಮ್ಮವರು ಜಾರಿ, ಬೀಳದೆ, ಬಹಳ ಹೊತ್ತು ಕುಣಿದರು.

“ದೊಡ್ಡಮ್ಮ, ಇದು ಶಾರ್ಲೆಟ್. ಇಲ್ಲಿ ನೆಲ ಅಲುಗಾಡಲ್ಲ” ಎಂದೆ.

“ಎಲ್ಲಾ ಊರೂ ಹಾಗೇ ಅನ್ಕೊಂಡಿರತ್ತೆ ಕಣೇ” ಎಂದರು.

ಆಮೇಲೆ ಆದದ್ದು ನಿಮಗೆಲ್ಲ ಗೊತ್ತು. ವಿಮಾನಗಳು ನಿಂತವು, ಬಾಗಿಲುಗಳು ಮುಚ್ಚಿದವು. ನಮಗೆಲ್ಲ ಮನೆಯಲ್ಲೇ ಆಫೀಸು. ದೊಡ್ಡಮ್ಮನಿಗೆ ಏನೂ ಇಲ್ಲ. ನಲವತ್ತು ವರ್ಷ ಬೀದಿಗೆ ಮುಖ ಮಾಡಿ ಕೂತ ಹೆಂಗಸು ಈಗ ನನ್ನ ಟೌನ್‌ಹೌಸಿನ ಕಿಟಕಿಯಲ್ಲಿ ಕೂತು, ಪಾರ್ಸೆಲ್ ಇಟ್ಟು ಓಡಿಹೋಗುವ ಹುಡುಗರನ್ನು “ಏನ್ ಬೇಕಪ್ಪಾ?” ಎಂದು ಗಾಜಿನ ಈಚೆಯಿಂದ ಕೇಳುತ್ತಿದ್ದರು. ಊಟ ಕಡಿಮೆಯಾಯಿತು. ಮಾತೂ ಕಡಿಮೆಯಾದಾಗ ನನಗೆ ಹೆದರಿಕೆಯಾಯಿತು. ದೊಡ್ಡಮ್ಮನಿಗೆ ಮಾತು ಕಡಿಮೆಯಾಗುವುದೆಂದರೆ ಬೇರೆಯವರಿಗೆ ಉಸಿರು ಕಡಿಮೆಯಾದಂತೆ.

ಮುಂದಿನ ವಸಂತದಲ್ಲಿ, ಎಲ್ಲರೂ ಚುಚ್ಚುಮದ್ದು ಹಾಕಿಸಿಕೊಂಡ ಮೇಲೆ, ಒಂದು ಶುಕ್ರವಾರ ಮಧ್ಯಾಹ್ನ ಕೆಲಸಕ್ಕೆ ಚಕ್ಕರ್ ಹೊಡೆದು ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟೆ. ನಮ್ಮಿಂದ ಒಂದು ಗಂಟೆಯ ದಾರಿಯಲ್ಲಿ ಒಂದು ಹಳೆಯ ಗಣಿಯ ಊರಿದೆ. ಕರೊಲೈನಾದಲ್ಲೂ ಚಿನ್ನ ತೆಗೆಯುತ್ತಿದ್ದರೆಂದು ನನಗೇ ಗೊತ್ತಿರಲಿಲ್ಲ ನೋಡಿ, ಇಷ್ಟು ವರ್ಷ ಇಲ್ಲಿದ್ದೂ. ಹತ್ತೊಂಬತ್ತನೆಯ ಶತಮಾನದಲ್ಲಿ ಸಾವಿರಾರು ಜನ ಕಿಕ್ಕಿರಿದಿದ್ದ ಊರಂತೆ. ಈಗ ಉಳಿದಿರುವುದು ಮರದ ಹಲಗೆಯ ಕಾಲುದಾರಿಯ ಒಂದು ಬೀದಿ. ಕಮ್ಮಾರನ ಕುಲುಮೆ, ಪೀಪಾಯಿ ಮಾಡುವವನ ಕೊಟ್ಟಿಗೆ, ಗಣಿಗೆ ಮೇಣದಬತ್ತಿ ಒದಗಿಸುತ್ತಿದ್ದವನ ಮನೆ, ಕೊನೆಯಲ್ಲಿ ಒಂದು ದಿನಸಿ ಅಂಗಡಿ. ಮಿಕ್ಕವೆಲ್ಲ ಬೀಗ ಹಾಕಿ ಫಲಕ ತೂಗುಹಾಕಿಕೊಂಡ ನೆನಪುಗಳು. ದಿನಸಿ ಅಂಗಡಿ ಮಾತ್ರ ಜೀವಂತ.

ದೊಡ್ಡಮ್ಮ ಬೀದಿಯ ಉದ್ದಕ್ಕೂ ಸೀರೆಯ ನೆರಿಗೆ ಎತ್ತಿ ಹಿಡಿದು, ಪ್ರತಿ ಮನೆಯ ಮುಂದೂ ನಿಂತರು. “ಇದು ದೀಪದ ಸಾಹೇಬ್ರುದ್ದು” ಎಂದರು ಮೇಣದಬತ್ತಿಯ ಮನೆಗೆ. “ಇಲ್ಲಿ ಮುನಿಸ್ವಾಮಿ ಇರ್ಬೇಕಿತ್ತಲ್ಲ?” ಎಂದರು ಖಾಲಿ ಜಾಗಕ್ಕೆ. ದಿನಸಿ ಅಂಗಡಿಯ ತಗ್ಗು ಬಾಗಿಲಿಗೆ ಬಂದಾಗ ನಾನು ನೆತ್ತಿ ಹೊಡೆಸಿಕೊಂಡೆ. “ಮೈಂಡ್ ಯುವರ್ ಹೆಡ್” ಎಂದವು ಎರಡು ದನಿ ಒಟ್ಟಿಗೆ, ಹಿಂದಿನಿಂದ ದೊಡ್ಡಮ್ಮನದು, ಒಳಗಿನಿಂದ ರೂತ್‌ಳದು.

ರೂತ್ ಆ ಅಂಗಡಿಯಾಕೆ. ಎಪ್ಪತ್ತು ದಾಟಿದವಳು, ತೆಳ್ಳಗೆ, ಕಿವಿಯ ಹಿಂದೆ ಪೆನ್ಸಿಲ್. ಜಾಮ್, ಕಡಲೆಕಾಯಿ, ಗಾಜಿನ ಬಾಟಲಿಯ ಸೋಡಾ, ಮಕ್ಕಳಿಗೆ ಪೆಪ್ಪರಮಿಂಟು ಮಾರುತ್ತಿದ್ದಳು. ಸಾಂಕ್ರಾಮಿಕದ ವರ್ಷ ಒಂದು ನರಪಿಳ್ಳೆಯೂ ಬಂದಿರಲಿಲ್ಲವಂತೆ. ನಾನು ಅವಳೊಡನೆ ಮಾತಾಡುತ್ತಿದ್ದ ಹಾಗೇ ದೊಡ್ಡಮ್ಮ ಸೋಡಾ ಬಾಟಲಿಗಳ ಸಾಲನ್ನು ಒಂದೊಂದಾಗಿ ಮಲಗಿಸುತ್ತಿದ್ದರು.

ರೂತ್ ನೋಡಿದಳು. “ಪಾಪ, ದಣಿದಿದ್ದವೇನೋ?” ಎಂದಳು.

ನಾನು ನಾಚಿ ವಿವರಿಸಿದೆ. ರೂತ್ ಕೇಳಿಸಿಕೊಂಡು, ಮೂಲೆಯಿಂದ ಒಂದು ಬೆತ್ತದ ಕುರ್ಚಿ ಎಳೆದು ತಂದು ಕೌಂಟರಿನ ಒಳಗೆ, ತನ್ನ ಪಕ್ಕದಲ್ಲೇ ಹಾಕಿ, “ಅಂಗಡಿಯವಳು ಅಂಗಡಿಯಲ್ಲಿ ನಿಲ್ಲಬಾರದು, ಹನಿ. ಕೂರಲಿ” ಎಂದಳು. ಇಲ್ಲಿನ ಮುದುಕಿಯರಿಗೆ ಎಲ್ಲರೂ ‘ಹನಿ’, ನಮ್ಮ ‘ಪುಟ್ಟಾ’ ಇದ್ದ ಹಾಗೆ.

ಈಗ ನನ್ನ ಪೆದ್ದುತನ ಕೇಳಿ. ದೊಡ್ಡಮ್ಮ ವಿಸಿಟರ್ ವೀಸಾದವರು, ವಾಯಿದೆ ವಿಸ್ತರಿಸಲು ಅರ್ಜಿ ಹಾಕಿ ಕಾಯುತ್ತಿದ್ದವರು. ಕೌಂಟರಿನ ಒಳಗೆ ಕೂತರೆ ಅದು ಕೆಲಸವಾಗುವುದಿಲ್ಲವೇ? ಕೆಲಸವಾದರೆ ವೀಸಾದ ಗತಿ? ಇಲ್ಲಿ ಬಹಳ ವರ್ಷ ಕಾಗದಪತ್ರದ ಮೇಲೆ ಬದುಕಿದವರಿಗೆ ಕುರ್ಚಿಯಲ್ಲೂ ಕಾನೂನು ಕಾಣುತ್ತದೆ. “ಒಳಗಡೆ ಬೇಡ ದೊಡ್ಡಮ್ಮ, ಪ್ರಾಬ್ಲಮ್ ಆಗತ್ತೆ!” ಎಂದು ಕುರ್ಚಿಯನ್ನು ಈಚೆಗೆ ಎಳೆದೆ. ನಿಯಮಗಳನ್ನೂ ಹಾಕಿದೆ. ತಕ್ಕಡಿ ಮುಟ್ಟುವ ಹಾಗಿಲ್ಲ, ಗಿರಾಕಿಯ ಕೈಯಿಂದ ಏನೂ ತೆಗೆದುಕೊಳ್ಳುವ ಹಾಗಿಲ್ಲ.

“ಮಾತಾಡ್ಬೋದಾ?”

“ಮಾತಾಡ್ಬೋದು.”

“ಸಾಕು ಬಿಡು. ವ್ಯಾಪಾರ ಅಂದ್ರೆ ಅಷ್ಟೇ.”

ಕುರ್ಚಿ ಕೌಂಟರಿನಿಂದ ಒಂದು ಮೊಳ ಈಚೆ ಇರುವ ಫೋಟೊ ಕೂಡ ತೆಗೆದಿಟ್ಟುಕೊಂಡೆ, ನಾಳೆ ಯಾವನಾದರೂ ಅಧಿಕಾರಿ ಕೇಳಿದರೆ ತೋರಿಸಲು. ಆ ಫೋಟೊ ಈಗಲೂ ಇದೆ. ಅದರಲ್ಲಿ ದೊಡ್ಡಮ್ಮ ಎಷ್ಟು ನಗುತ್ತಿದ್ದಾರೆಂದರೆ ಆ ಒಂದು ಮೊಳದ ಕಡೆ ಯಾರ ಕಣ್ಣೂ ಹೋಗುವುದಿಲ್ಲ.

ಅಲ್ಲಿಂದ ಮುಂದೆ ಶುಕ್ರವಾರ ಎಂದರೆ ರೂತ್‌ಳ ಅಂಗಡಿ. ಬುಧವಾರದಿಂದಲೇ ಸೀರೆ ಆರಿಸುವುದು ಶುರು. ಊಟ ಸರಿಹೋಯಿತು, ಬೈಗುಳ ಮರಳಿ ಬಂತು. ಅವರಿಬ್ಬರೂ ಏನು ಮಾತಾಡುತ್ತಿದ್ದರೋ ನನಗೆ ತಿಳಿಯದು. ಇವರದು ದೊರೆಗಳ ಇಂಗ್ಲಿಷ್, ಅವಳದು ದಕ್ಷಿಣದವರ ಎಳೆದಾಡುವ ಇಂಗ್ಲಿಷ್. ನಾನು ಕಾರಿನಲ್ಲಿ ಲ್ಯಾಪ್‌ಟಾಪ್ ತೆರೆದು ಮೀಟಿಂಗಿನಲ್ಲಿದ್ದರೆ ಒಳಗಿನಿಂದ ಇಬ್ಬರ ನಗು ಬರುತ್ತಿತ್ತು. ಆ ಕುರ್ಚಿಯೊಂದು ದೊಡ್ಡಮ್ಮನನ್ನು ಉಳಿಸಿಕೊಟ್ಟಿತು ಎಂದು ನಾನೂ ನಮ್ಮವರೂ ಮನೆಯಲ್ಲಿ ಪಿಸುಗುಟ್ಟಿಕೊಳ್ಳುತ್ತಿದ್ದೆವು.

ಅದು ಇನ್ನೇನು ಕೈತಪ್ಪಿತು ಎನಿಸಿದ್ದು ಜೂನ್‌ನ ಒಂದು ಮಧ್ಯಾಹ್ನ. ಅಂದು ಅಪರೂಪಕ್ಕೆ ಒಂದು ವ್ಯಾನಿನ ತುಂಬ ಹಿರಿಯ ಹೆಂಗಸರು ಊರು ನೋಡಲು ಬಂದು ಅಂಗಡಿ ಗಿಜಿಗುಡುತ್ತಿತ್ತು. ರೂತ್‌ಳ ಮುಖದಲ್ಲಿ ವರ್ಷದ ಮೇಲೆ ಕಂಡ ಕಳೆ. ನಾನೂ ಒಳಗಿದ್ದೆ. ಆಗ ಗುಡುಗಿನಂಥ ಒಂದು ಸದ್ದು, ಅಂಗಾಲಿನಿಂದ ಮಂಡಿಯವರೆಗೆ ಏರಿತು. ಹಲಗೆಗಳು ನಡುಗಿದವು, ಚಮಚಗಳು ಗಲಗಲ ಎಂದವು. ಅಲ್ಲಿಂದ ಸ್ವಲ್ಪ ದೂರದಲ್ಲಿ ಗ್ರಾನೈಟ್ ಕ್ವಾರಿ ಇದೆ, ಬಂಡೆ ಸಿಡಿಸುತ್ತಾರೆ. ದಿನವೂ ನಾವು ಹೋಗುವ ಮೊದಲೇ ಮುಗಿಯುತ್ತಿತ್ತಂತೆ, ಅಂದು ತಡವಾಗಿತ್ತು. ಊರಿನವರು ಯಾರೂ ತಲೆ ಕೂಡ ಎತ್ತಲಿಲ್ಲ.

ದೊಡ್ಡಮ್ಮ ಎದ್ದರು. ಜಾಮ್ ಶೀಶೆ ಹಿಡಿದು ನಿಂತಿದ್ದ ಒಬ್ಬ ಹೆಂಗಸಿನ ಕೈಯಿಂದ ಅದನ್ನು ತೆಗೆದು ಅರೆಯ ಮೇಲೆ ಮಲಗಿಸಿದರು. ಬಾಗಿಲಿನ ಒಂದು ರೆಕ್ಕೆ ಮುಚ್ಚಿದರು. “ನೋ ಸೇಲ್ ನೌ. ವೆಯ್ಟ್” ಎಂದು ಎಲ್ಲರಿಗೂ ಹೇಳಿ, ಸೆರಗು ಹೊದ್ದುಕೊಂಡು ಹೊಸ್ತಿಲ ಹೊರಗೆ ಹೋಗಿ ಬೀದಿಯ ತುದಿ ನೋಡುತ್ತ ನಿಂತರು.

“ದೊಡ್ಡಮ್ಮ, ಏನ್ ಮಾಡ್ತಿದ್ದೀರಾ? ಒಳಗ್ ಬನ್ನಿ!”

“ಸುಮ್ನಿರು. ಯಾರಾದ್ರೂ ಬಂದು ಹೇಳ್ಬೇಕಲ್ಲ, ಎಲ್ಲರೂ ಮೇಲೆ ಬಂದ್ರು ಅಂತ. ಅಲ್ಲೀವರ್ಗೂ ಅಂಗಡಿ ಹೇಗ್ ನಡೆಸ್ತಾರೆ?”

ವ್ಯಾನಿನ ಹೆಂಗಸರಲ್ಲಿ ಗುಸುಗುಸು ಎದ್ದಿತು. ಒಬ್ಬಾಕೆ ಗಡಿಯಾರ ನೋಡಿಕೊಂಡಳು. ಇನ್ನು ಈ ಕುರ್ಚಿ ಹೋಯಿತು ಎಂದುಕೊಂಡೆ ನಾನು. ರೂತ್‌ಳ ಕ್ಷಮೆ ಕೇಳುತ್ತ, ನಮ್ಮೂರಿನಲ್ಲಿ ನೆಲ ಅಲುಗಿದರೆ ಬೀದಿಯ ಅಂಗಡಿಯವರೆಲ್ಲ ಅರ್ಧ ಬಾಗಿಲು ಹಾಕಿ ಹೊರಗೆ ನಿಲ್ಲುತ್ತಿದ್ದರು, ಕೆಳಗಿದ್ದವರ ಸುದ್ದಿ ಬರುವವರೆಗೆ ಯಾರೂ ಕೊಡುತ್ತಿರಲಿಲ್ಲ, ಯಾರೂ ಕೊಳ್ಳುತ್ತಿರಲಿಲ್ಲ ಎಂದು ತಡವರಿಸಿದೆ.

ರೂತ್ ಪೆನ್ಸಿಲನ್ನು ಕಿವಿಯ ಹಿಂದೆ ಸಿಕ್ಕಿಸಿದಳು. ಬಾಗಿಲ ಮೇಲಿನ ಫಲಕವನ್ನು ‘ಮುಚ್ಚಿದೆ’ ಎಂಬ ಕಡೆಗೆ ತಿರುಗಿಸಿ, ಹೊರಗೆ ಹೋಗಿ ದೊಡ್ಡಮ್ಮನ ಪಕ್ಕ ನಿಂತಳು.

“ಹಾಗಾದರೆ ನೀನು ಹೋಗಿ ಕೇಳಿಕೊಂಡು ಬಾ, ಹನಿ” ಎಂದಳು ನನಗೆ. “ನಾವಿಬ್ಬರೂ ಇಲ್ಲೇ ಇರುತ್ತೇವೆ.”

ಹೋದೆ. ಇನ್ನೇನು ಮಾಡಲಿ? ಕ್ವಾರಿಯ ಗೇಟಿನಲ್ಲಿ ಕಿತ್ತಳೆ ಬಣ್ಣದ ಅಂಗಿಯ ಕಾವಲುಗಾರನೊಬ್ಬ ಕೂತಿದ್ದ. ನನ್ನನ್ನು ಕಂಡ ಕೂಡಲೇ, ಗೋಡೆ ಬಿರುಕು ಬಿಟ್ಟ ದೂರಾದರೆ ಆಫೀಸಿಗೆ ಫೋನ್ ಮಾಡಿ ಎಂದ.

“ದೂರಲ್ಲ. ಎಲ್ಲರೂ ಮೇಲೆ ಬಂದರೇ ಎಂದು ಕೇಳಲು ಬಂದೆ.”

ಅವನು ರೇಡಿಯೊ ಎತ್ತಿ ಏನೋ ಕೇಳಿದ, ಕರಕರ ಎಂದು ಉತ್ತರ ಬಂತು. “ಎಲ್ಲರೂ ಮೇಲಿದ್ದಾರೆ, ಮೇಡಮ್. ಯಾರು ಕೇಳುತ್ತಿರುವುದು?”

“ನನ್ನ ದೊಡ್ಡಮ್ಮ.”

“ನನ್ನ ಹೆಂಡತಿ ಕೂಡ ಇದುವರೆಗೆ ಕೇಳಿಲ್ಲ” ಎಂದ.

ವಾಪಸು ಬಂದಾಗ ಆಶ್ಚರ್ಯ! ವ್ಯಾನಿನ ಹೆಂಗಸರೂ ಹೊರಗೆ ಬಂದು ಅವರಿಬ್ಬರ ಹಿಂದೆ ನಿಂತಿದ್ದರು. ಕಾರಿನ ಕಿಟಕಿಯಿಂದಲೇ ಕೂಗಿದೆ, “ಎಲ್ಲರೂ ಮೇಲೆ ಬಂದ್ರು, ದೊಡ್ಡಮ್ಮ!” ಅವರು ಉಸಿರು ಬಿಟ್ಟು, ಮುಚ್ಚಿದ್ದ ರೆಕ್ಕೆ ತೆಗೆದು, ಜಾಮ್‌ನ ಹೆಂಗಸಿಗೆ “ಕಮ್, ಕಮ್. ಮೈಂಡ್ ಯುವರ್ ಹೆಡ್” ಎಂದರು. ಅಂದು ವ್ಯಾಪಾರ ಚೆನ್ನಾಗಿಯೇ ಆಯಿತು.

ಮನೆಗೆ ಬರುವ ದಾರಿಯಲ್ಲಿ ದೊಡ್ಡಮ್ಮ ಹೇಳಿದರು. ಅವರ ತಮ್ಮ ನಾಣಿ ಗಣಿಯೊಳಗೆ ಮರದ ಆಸರೆ ಕಟ್ಟುವ ಕೆಲಸದಲ್ಲಿದ್ದನಂತೆ. ನನ್ನಮ್ಮ ಅವನ ಹೆಸರೆತ್ತಿದ್ದನ್ನು ನಾನು ಕೇಳಿರಲಿಲ್ಲ.

“ಆವತ್ತೂ ಹೀಗೇ ನಿಂತಿದ್ವಿ. ಬೀದಿಯೋರೆಲ್ಲ. ದೀಪ ಹಚ್ಚೋ ಹೊತ್ತಾಯ್ತು. ಹೇಳೋರು ಬರ್ಲೇ ಇಲ್ಲ.” ಕಿಟಕಿಯ ಹೊರಗೆ ನೋಡಿದರು. “ಬರ್ದೇ ಇದ್ರೆ ಅರ್ಥ ಆಗ್ಬಿಡತ್ತಲ್ಲ. ಇವತ್ತು ನೀನು ಬಂದ್ಯಲ್ಲ, ಅಷ್ಟ್ ಸಾಕು.”

ಮುಂದಿನ ಶುಕ್ರವಾರ ಹೋದಾಗ ಕೌಂಟರಿನ ಪಕ್ಕ ಕುರ್ಚಿ ಇರಲಿಲ್ಲ. ರೂತ್ ಗಲ್ಲದಿಂದಲೇ ಬಾಗಿಲ ಕಡೆ ತೋರಿಸಿದಳು. ಹೊಸ್ತಿಲ ಪಕ್ಕ, ಬೀದಿಯ ತುದಿಯವರೆಗೂ ಕಾಣುವ ಹಾಗೆ ಹಾಕಿದ್ದಳು.

ವಿಮಾನಗಳು ಸರಿಹೋದ ಮೇಲೆ ದೊಡ್ಡಮ್ಮ ಬೆಂಗಳೂರಿಗೆ ಮರಳಿದರು. ಅಲ್ಲೇ, ನಮ್ಮಮ್ಮನ ಮನೆಯಲ್ಲಿ, ಹೋದ ಮಾಘದಲ್ಲಿ ತೀರಿಕೊಂಡರು. ರೂತ್‌ಗೆ ಫೋನಿನಲ್ಲಿ ತಿಳಿಸಿದೆನೇ ಹೊರತು ಆ ಕಡೆ ಹೋಗುವ ಧೈರ್ಯ ನನಗೆ ಬಂದಿರಲಿಲ್ಲ.

“ನಾಳೆ ಶುಕ್ರವಾರ. ಹೋಗೋಣ ನಡಿ” ಎಂದಳು ಶ್ರುತಿ, ಕತೆಯೆಲ್ಲ ಕೇಳಿ, ಎಣ್ಣೆಯ ಬಾಟಲಿಯನ್ನು ಜೋಪಾನವಾಗಿ ಮತ್ತೆ ಮಲಗಿಸುತ್ತ.

ಮೂವರೂ ಬೆಳಗ್ಗೆಯೇ ಹೊರಟೆವು. ರೂತ್ ಇನ್ನಷ್ಟು ತೆಳ್ಳಗಾಗಿದ್ದಳು. ಸೋಡಾ ಬಾಟಲಿಗಳು ಮಲಗಿದ್ದವು. ಕುರ್ಚಿ ಹೊಸ್ತಿಲ ಪಕ್ಕದಲ್ಲೇ ಇತ್ತು. ಶ್ರುತಿ ಒಂದು ಮೇಣದಬತ್ತಿ ಆರಿಸಿ ಕೌಂಟರಿಗೆ ತರುವಷ್ಟರಲ್ಲಿ ನೆಲ ಗುಡುಗಿತು. ರೂತ್ ಅದನ್ನು ಅವಳ ಕೈಯಿಂದ ತೆಗೆದು ಪಕ್ಕಕ್ಕಿಟ್ಟು, ಬಾಗಿಲಿನ ಒಂದು ರೆಕ್ಕೆ ಮುಚ್ಚಿ, ಹೊರಗೆ ಹೋಗಿ ನಿಂತಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ನಾನು ಕಾರು ಹತ್ತಿದೆ.

ಗೇಟಿನಲ್ಲಿ ಅದೇ ಮನುಷ್ಯ. ನಾನು ಕಿಟಕಿ ಇಳಿಸುವ ಮೊದಲೇ ರೇಡಿಯೊದಲ್ಲಿ ವಿಚಾರಿಸಿದ. “ಎಲ್ಲರೂ ಮೇಲಿದ್ದಾರೆ” ಎಂದ. “ನಿಮ್ಮ ದೊಡ್ಡಮ್ಮನಿಗೆ ಹೇಳಿ.”

“ಹೇಳುತ್ತೇನೆ” ಎಂದೆ.

ತಿರುಗಿ ಬಂದಾಗ ಅಂಗಡಿಯ ಮುಂದೆ ರೂತ್, ಶ್ರುತಿ, ತನ್ವಿ ಸಾಲಾಗಿ ನಿಂತಿದ್ದರು. ತನ್ವಿಯ ಕೈಯಲ್ಲಿ ಫೋನಿರಲಿಲ್ಲ. ಕಾರು ನಿಲ್ಲುವ ಮೊದಲೇ ಬೀದಿಗಿಳಿದು ಬಂದಳು.

“ಅಮ್ಮಾ, ಎಲ್ಲರೂ ಮೇಲೆ ಬಂದ್ರಾ?”

“ಬಂದ್ರು” ಎಂದೆ.

ರೂತ್ ಬಾಗಿಲು ತೆರೆದಳು.