ಕಬ್ಬು ಕಡಿಯುವ ಕೈಗೆ ದಿಕ್ಕು ತೋರಿದ ಮೇಷ್ಟ್ರು

ಕ್ಲಬ್ಬಿನ ನಲ್ಲಿಯ ಕೆಳಗೆ ಬಕೆಟ್ಟಿಟ್ಟುಕೊಂಡು, ಕೆಸರು ಮೆತ್ತಿದ ಗಾಲ್ಫ್ ಚೆಂಡುಗಳನ್ನು ತೆಂಗಿನ ನಾರಿನಿಂದ ಉಜ್ಜುತ್ತ ಕುಳಿತಿದ್ದವರು, ಮಂಡ್ಯ ಸೀಮೆಯಲ್ಲಿ ಆ ಆಟವನ್ನು ಶಾಸ್ತ್ರೋಕ್ತವಾಗಿ ಕಲಿಸಿದವರಲ್ಲಿ ಮೊದಲಿಗರಾದ ಶ್ರೀಯುತ ಅನಂತರಾಮು ಅವರೇ ಎಂದರೆ, ಇಂದು ಅವರಿಗೆ ಹಾರ ಹಾಕಿ ಬೀಳ್ಕೊಡುತ್ತಿರುವ ಎಷ್ಟೋ ಮಂದಿ ನಂಬಲಿಕ್ಕಿಲ್ಲ. ಎಪ್ಪತ್ತೈದನೆಯ ಇಸವಿಯ ಆ ಬೆಳಗ್ಗೆ ಅವರ ಕೈ ಚೆಂಡಿನ ಮೇಲಿತ್ತು; ಮನಸ್ಸು ಮಾತ್ರ ಜೇಬಿನ ಕಾಗದದ ಮೇಲೆ.

ಯಲಿಯೂರಿನಲ್ಲಿ ವ್ಯಾಯಾಮದ ಮೇಷ್ಟ್ರಾಗಿ ಸೇವೆಗೆ ಸೇರಿ, ಮದ್ದೂರಿಗೆ ವರ್ಗವಾಗಿ ಬಂದಾಗ ರಾತ್ರಿ ಶಾಲೆಯನ್ನೂ ಹೆಗಲಿಗೆ ಹಾಕಿಕೊಂಡವರು ಅವರು. ಬಳಪವನ್ನು ಗುದ್ದಲಿಯಂತೆ ಹಿಡಿಯುತ್ತಿದ್ದ ನಮ್ಮಂಥ ಹೆಂಗಸರಿಗೆ, “ಸಡಿಲವಾಗಿ ಹಿಡೀರಮ್ಮ, ಅದೇನು ಓಡಿ ಹೋಗಲ್ಲ” ಎನ್ನುತ್ತಿದ್ದರು. ಮುಂದೆ ಮಂಡ್ಯದ ಕ್ಲಬ್ಬಿನಲ್ಲಿ ಗಾಲ್ಫ್ ಕಲಿಸುವ ಹೊಣೆಯೂ ಅವರ ಪಾಲಿಗೆ ಬಂತು.

ಜೇಬಿನಲ್ಲಿದ್ದದ್ದು ಬೆಂಗಳೂರಿನ ಒಂದು ಕ್ಲಬ್ಬಿನ ಕಾಗದ. ಮಂಡ್ಯದ ಮೈದಾನದಲ್ಲಿ ಹುಲ್ಲು ಕತ್ತರಿಸುತ್ತಲೇ ಆಟ ಕಲಿತ ಪೂರಿಗಾಲಿಯ ಚಿಕ್ಕಬೋರಯ್ಯನಿಗೆ ಅಲ್ಲಿ ಸಹಾಯಕ ತರಬೇತುದಾರನ ಕೆಲಸ ಕೊಡಲು ಆ ಕ್ಲಬ್ಬಿನವರು ಸಿದ್ಧರಿದ್ದರು. ಆದರೆ ಅವನ ಹೊಡೆತಕ್ಕೆ ದೂರವೂ ಉಂಟು, ದಿಕ್ಕೂ ಉಂಟು ಎಂದು ಗುರುಗಳು ಬರೆದುಕೊಡಬೇಕು. ಸುಳ್ಳು ಬರೆಯುವ ಜಾಯಮಾನ ಅನಂತರಾಮು ಅವರದಲ್ಲ. ಇಲ್ಲವೆಂದು ಬರೆದು ಒಬ್ಬನ ಅನ್ನ ಕಳೆಯಲೂ ಕೈ ಬಾರದು. ಮಳೆಗಾಲ ಕಳೆದರೂ ಉತ್ತರ ಹೋಗಲೇ ಇಲ್ಲ.

“ಸಾ, ಮೆತ್ಗೆ ಒಡಿ ಅಂದ್ರಿ, ನೆಟ್ಟಗ್ ಓಗಿ ನಾಲೆಗ್ ಬಿತ್ತು. ಜೋರಾಗ್ ಒಡಿ ಅಂದ್ರಿ, ಸೊಟ್ಟಗ್ ಓಗಿ ಪಕ್ಕದ್ ಮಾದಯ್ಯನ ಗದ್ದೆಗ್ ಬಿತ್ತು. ಅವ್ನು ಚೆಂಡ್ ಕೊಡಾಕಿಲ್ಲ ಅಂತ ಕುಂತವ್ನೆ. ಈಗ ಯಾವ್ದ್ ಮಾಡ್ಲಿ ಯೋಳಿ,” ಎಂದ ಚಿಕ್ಕಬೋರಯ್ಯ.

“ನನಗೂ ತಿಳೀತಿಲ್ಲ ಕಣಯ್ಯ.”

ಶಿಷ್ಯನ ಎದುರು ಹೀಗೆ ಒಪ್ಪಿಕೊಳ್ಳುವ ಗುರುಗಳು ಎಲ್ಲೋ ಒಬ್ಬರು. ಕಾಲಿನ ಅಂತರ ಬದಲಿಸಿ ನೋಡಿದರು, ಕೋಲು ಬದಲಿಸಿ ನೋಡಿದರು. ಬಲ ಬಂದರೆ ಗುರಿ ಹೋಯಿತು, ಗುರಿ ಬಂದರೆ ಬಲ ಹೋಯಿತು. ಊಟದ ಎಲೆಯ ಮುಂದೆಯೂ ಅವರ ಮಣಿಕಟ್ಟು ತಿರುಗುತ್ತಿದ್ದುದನ್ನು ಕಂಡು, ಮನೆಯವರಾದ ಗೋದಮ್ಮನವರು ವೈದ್ಯರಿಗೆ ತೋರಿಸೋಣವೆಂದರಂತೆ.

ಅಷ್ಟರಲ್ಲಿ ಕಾರ್ಖಾನೆಯಿಂದ ಕಬ್ಬಿನ ಕಟಾವಿಗೆ ಅಪ್ಪಣೆ ಬಂತು. ಚಿಕ್ಕಬೋರಯ್ಯ ರಜಾ ಹಾಕಿ ಊರಿಗೆ ಹೋದ. ಮೇಷ್ಟ್ರು ಅವನ ಹಿಂದೆಯೇ ಬಸ್ಸು ಹತ್ತಿದರು. ಪೂರಿಗಾಲಿಯ ಗದ್ದೆಯಲ್ಲಿ ಪಂಚೆ ಎತ್ತಿ ಕಟ್ಟಿ, ತಾವೂ ಮಚ್ಚು ಹಿಡಿದರು. ಚಿಕ್ಕಬೋರಯ್ಯನ ತಾಯಿ ಮಲ್ಲಿಗಮ್ಮ ಸುಮ್ಮನಿರುವ ಹೆಂಗಸಲ್ಲ.

“ಏನ್ ಮೇಷ್ಟ್ರೇ, ಕಬ್ ಕಡಿಯಕ್ ಬಂದ್ರೋ, ಕಾಲ್ ಕಡ್ಕಳಕ್ ಬಂದ್ರೋ? ಬುಡಿ ಅತ್ಲಾಗೆ!”

ಅಷ್ಟು ಕೇಳಿದ್ದೇ ತಡ, ಮುಂದಿನ ಏಟಿನಲ್ಲಿ ಕಬ್ಬು ತುಂಡಾದ ಕ್ಷಣವೇ ಮಚ್ಚು ಮೊಣಕಾಲಿಗೆ ತಗಲೀತೆಂದು ಹೆದರಿ ಅವರ ಮಣಿಕಟ್ಟು ತಾನಾಗಿ ಬಿಗಿದು ನಿಂತಿತು. ಅನಂತರಾಮು ಅವರೂ ಹಾಗೇ ನಿಂತುಬಿಟ್ಟರು.

“ಗರ ಬಡ್ದಂಗ್ ನಿಂತ್ಕಬುಟ್ರಲ್ಲಪ್ಪಾ ಇವ್ರು!” ಎಂದಳು ಮಲ್ಲಿಗಮ್ಮ.

ಕಬ್ಬು ಕಡಿದ ಅಭ್ಯಾಸದಿಂದ ಚಿಕ್ಕಬೋರಯ್ಯನೂ ಚೆಂಡಿನ ಬಳಿ ಮಾಡುತ್ತಿದ್ದದ್ದು ಇದನ್ನೇ. ಏಟು ಜೋರಾದಷ್ಟೂ ತಡೆಯೂ ಜೋರು. ತಡೆದಾಗ ಕೋಲಿನ ಮುಖ ತಿರುಗುತ್ತಿತ್ತು.

“ಚೆಂಡಿನ ಹತ್ತಿರ ಕೈ ನಿಲ್ಲಿಸಬೇಡ ಕಣಯ್ಯ. ಕೋಲು ಹೆಗಲ ಮೇಲೆ ಹೋಗಿ ಮುಗೀಲಿ.”

“ಕಾಲಿಗ್ ಬಿದ್ರೆ?”

“ಇದಕ್ಕೆ ಅಲಗಿಲ್ಲ ಕಣಯ್ಯ!”

ಇಬ್ಬರೂ ಗದ್ದೆಯಲ್ಲೇ ನಕ್ಕರು. ಮಂಡ್ಯಕ್ಕೆ ಮರಳಿದ ಮೇಲೆ ಹಿಡಿತ ಬಳಪ ಹಿಡಿದಷ್ಟು ಸಡಿಲವಾಯಿತು, ಬಲ ತೋಳಿನಿಂದ ಇಳಿದು ಸೊಂಟದ ತಿರುವಿಗೆ ಬಂತು, ಹೊಡೆದ ಮೇಲೆ ಎದೆ ಗುರಿಯ ಬಾವುಟದ ಕಡೆಗೆ ನಿಂತಿತು. ಚೆಂಡು ನಾಲೆ ದಾಟಿ ನೆಟ್ಟಗೆ ಬಿದ್ದಿತು. ಆದರೂ ಅಪರೂಪಕ್ಕೊಂದು ಮಾದಯ್ಯನ ಗದ್ದೆಗೆ ಹೋಗುತ್ತಲೇ ಇತ್ತು. ಏಕೆಂದು ಮೇಷ್ಟ್ರಿಗೆ ಇಂದಿಗೂ ಅರ್ಥವಾಗಿಲ್ಲ. ಉತ್ತರ ಬರೆಯುವಾಗ ಅದನ್ನೂ ಮುಚ್ಚಿಡದೆ ಬರೆದರು: ದೂರ ಉಂಟು, ದಿಕ್ಕು ಬಹುಮಟ್ಟಿಗೆ ಉಂಟು, ಉಳಿದದ್ದು ನನಗೂ ತಿಳಿಯದು.

ಸೇವೆಯಿಂದ ಬಿಡುಗಡೆ ಹೊಂದುತ್ತಿರುವ ಈ ಹಿರಿಯರಿಗೆ ದೇವರು ದೀರ್ಘಾಯುಸ್ಸು, ಗಟ್ಟಿ ಮೊಣಕಾಲು, ಇನ್ನಷ್ಟು ಶಿಷ್ಯರು, ತೊಳೆಯಲು ಬೇಕಾದಷ್ಟು ಚೆಂಡುಗಳನ್ನು ಕೊಡಲಿ.

ಆ ಉತ್ತರ ಬರೆದ ದಿನ ಮಂಡ್ಯದ ರೈಲ್ವೆ ಸ್ಟೇಷನ್ನಿನ ಟಪಾಲು ಡಬ್ಬಿಯ ಮುಂದೆ, ಲಕೋಟೆ ಹಿಡಿದ ಅವರ ಕೈ ಮತ್ತೆ ತಡೆಯಿತು. ಹಾಗೆ ಬರೆದದ್ದು ಸರಿಯೋ ತಪ್ಪೋ, ಶಿಷ್ಯನಿಗೆ ಕೆಲಸ ಸಿಗುವುದೋ ತಪ್ಪುವುದೋ.

ಪಕ್ಕದಲ್ಲಿದ್ದ ಚಿಕ್ಕಬೋರಯ್ಯ ಮೆಲ್ಲಗೆ ಹೇಳಿದ: “ಕೈ ನಿಲ್ಲಿಸ್ಬ್ಯಾಡಿ ಸಾ.”

ಕಾಗದ ಒಳಗೆ ಬಿತ್ತು.