ವಾರ್ಡಿನ ಗೋಡೆಯ ಮೇಲೊಂದು ಊರು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಆಸ್ಪತ್ರೆಯ ಉದ್ದನೆಯ ವಾರ್ಡಿನಲ್ಲಿ, ಏಣಿಯ ಮೇಲೆ ನಿಂತ ಹೆಂಗಸೊಬ್ಬರು ಬೆರಳ ತುದಿಯಿಂದ ಗುಡ್ಡದ ನೆತ್ತಿಗೆ ಮಂಜು ಸವರುತ್ತಿದ್ದಾರೆ. ಎದುರಿನ ಹಾಸಿಗೆಗಳಲ್ಲಿ ಎದ್ದು ಕೂರಲಾಗದವರು ಆ ಕೈಯನ್ನೇ ನೋಡುತ್ತಿದ್ದಾರೆ. ಕೆಮ್ಮು ಕೂಡ ಒಂದು ಗಳಿಗೆ ನಿಂತಂತಿದೆ.

ಎಲ್ಲರ ಬಾಯಲ್ಲೂ ಇವರು ಬಣ್ಣದಕ್ಕ. ಮಂಚ, ಕಿಟಕಿ, ಬಾಗಿಲುಗಳಿಗೆ ಬಣ್ಣ ಬಳಿಯುವುದು ಇವರ ಕೆಲಸ. ಡಬ್ಬಿಗಳ ತಳದಲ್ಲಿ ಉಳಿದದ್ದೆಲ್ಲ ಈ ಗೋಡೆ ಸೇರುತ್ತದೆ: ಗುಡ್ಡ, ತೊರೆ, ಬಳಸಿ ಬಳಸಿ ಹೋಗುವ ದಾರಿ. ಕಿಟಕಿಯತ್ತ ಹೊರಳಲಾರದವರಿಗೆ ಇದೇ ಹೊರಗಿನ ಲೋಕ.

"ಗೋಡೆಗೆ ಕಿವಿ ಇರುತ್ತೆ ಅಂತ ಕೇಳಿದ್ದೆ. ನಮ್ಮಕ್ಕ ಕಣ್ಣೂ ಕೊಟ್ಬಿಟ್ರು," ಎಂದು ನೆಲ ಒರೆಸುವ ಆಯಾ ನನ್ನತ್ತ ತಿರುಗಿ ನಗುತ್ತಾರೆ.

ಬಣ್ಣದಕ್ಕ ಬೆಳೆದದ್ದು ಅನಾಥಾಲಯದಲ್ಲಿ. "ಸ್ಕೂಲಲ್ಲಿ ಟೀಚರು ನಿಮ್ಮನೆ ಚಿತ್ರ ಬರೀರಿ ಅಂದ್ರು. ನಂಗೇನು ಬರೀಬೇಕೋ ಗೊತ್ತಾಗ್ಲಿಲ್ಲ. ಒಂದು ಗುಡ್ಡ ಬರೆದೆ. ಮನೆ ಎಲ್ಲೇ ಅಂದ್ರು. ಗುಡ್ಡದ ಹಿಂದಿದೆ ಮಿಸ್, ಕಾಣಲ್ಲ ಅಂದೆ."

ಅಂದಿನಿಂದ ಅದೇ ಗುಡ್ಡ. ದೊಡ್ಡವರಾದ ಮೇಲೆ ರಜೆ ಸಿಕ್ಕಾಗಲೆಲ್ಲ ಬಸ್ಸು ಹತ್ತಿ ಅದನ್ನು ಹುಡುಕಿಕೊಂಡು ಅಲೆದರು. "ಎಲ್ಲಾದ್ರೂ ಇರ್ಬೇಕಲ್ವಾ? ಇಲ್ದೇ ಇರೋದು ಕೈಗೆ ಹೇಗೆ ಬರುತ್ತೆ?" ಸಿಗಲಿಲ್ಲ. ಬರೆಯುವುದನ್ನೂ ಬಿಡಲಿಲ್ಲ. ಮನೆಯೊಂದನ್ನು ಮಾತ್ರ ಎಂದೂ ಬರೆಯಲಿಲ್ಲ.

ಹೋದ ಮಳೆಗಾಲದಲ್ಲಿ, ಕೊನೆಯ ಹಾಸಿಗೆಯಲ್ಲಿದ್ದ ಮುದುಕರೊಬ್ಬರು ಕರೆದರು. ಲಾರಿ ಓಡಿಸಿ ಸವೆದ ಜೀವ. ನೋಡಲು ಯಾರೂ ಬರುತ್ತಿರಲಿಲ್ಲ.

"ಮಗಳೇ, ದಾರಿಯೇನೋ ಚೆನ್ನಾಗಿದೆ. ಹೋಗಿ ಸೇರೋದು ಎಲ್ಲಿಗಮ್ಮಾ?"

ಬಣ್ಣದಕ್ಕ ಡಬ್ಬಿ ಎತ್ತಿಕೊಂಡರು. ಏಣಿ ಹತ್ತಿದರು. ದಾರಿಯ ತುದಿಯಲ್ಲಿ ಪುಟ್ಟದೊಂದು ಮನೆ ಎದ್ದಿತು.

"ಯಾರ್ದಮ್ಮಾ ಅದು?"

"ನಿಮ್ದೇ, ಅಪ್ಪಾ." ಹುಟ್ಟಿದಾಗಿನಿಂದ ಯಾರನ್ನೂ ಹಾಗೆ ಕರೆದವರಲ್ಲ, ಅಂದು ಬಾಯಿಗೆ ಬಂದುಬಿಟ್ಟಿತು.

ಮುದುಕರು ಗೋಡೆಯತ್ತ ಹೊರಳಿದರು. "ನಾನು ಹೋದ್ಮೇಲೆ ಅದು ನಿಂಗೆ. ಖಾಲಿ ಬಿಡ್ಬೇಡ ಮತ್ತೆ."

ಆ ವಾರವೇ ಅವರು ತೀರಿಕೊಂಡರು. ಮುಖ ಗೋಡೆಯ ಕಡೆಗೇ ಇತ್ತು, ತುಟಿಯಲ್ಲಿ ನಗುವಿತ್ತು ಎಂದು ನರ್ಸ್ ದನಿ ತಗ್ಗಿಸಿ ಹೇಳುತ್ತಾರೆ.

ಈಗ ಬಣ್ಣದಕ್ಕ ಗುಡ್ಡ ಹುಡುಕಿಕೊಂಡು ಎಲ್ಲಿಗೂ ಹೋಗುವುದಿಲ್ಲ. ರಜೆಯ ದಿನವೂ ಇಲ್ಲಿಗೇ ಬಂದು, ಗೋಡೆಯೆದುರು ಸ್ಟೂಲ್ ಹಾಕಿಕೊಂಡು ಸುಮ್ಮನೆ ಕೂರುತ್ತಾರೆ. ಇನ್ನೇನಾದರೂ ಬರೆಯುವುದು ಬಾಕಿ ಇದೆಯೇ ಎಂದು ಕೇಳುತ್ತೇನೆ. ಹಾಸಿಗೆಗಳ ಸಾಲಿನತ್ತ ಒಮ್ಮೆ ಕಣ್ಣಾಡಿಸಿ ಹೇಳುತ್ತಾರೆ:

"ಆ ಮನೆಗೆ ಬಾಗಿಲು ಬರೆದಾಯ್ತು. ಚಿಲಕ ಮಾತ್ರ ಬರೆಯಲ್ಲ. ಬರೋರು ಬಹಳ ಜನ ಇದ್ದಾರೆ."