ಬಗಲ ಹೊಲಿಗೆಯ ದಸ್ತಗೀರಸಾಬರು

ವಾಡಿಯ ಸಿನಿಮಾ ಅಭಿಮಾನಿಗಳು ವರ್ಷಕ್ಕೊಮ್ಮೆ ಆಕಾಶದಲ್ಲಿ ಹಾರುವ ವೀರರ ವೇಷ ತೊಟ್ಟು ಮೇಳ ಸೇರುತ್ತಾರೆ. ಆ ವೇಷ ಹೊಲಿಯಲು ಚಂದಾಪುರದ ದರ್ಜಿ ದಸ್ತಗೀರಸಾಬರೇ ಆಗಬೇಕು. ಅವರ ಕೆಂಪು ಸ್ಯಾಟಿನ್ ಬಟ್ಟೆ ಬೆನ್ನಿಗೆ ಬಿದ್ದರೆ ಗೂನು ಬೆನ್ನೂ ನೆಟ್ಟಗಾಗುತ್ತದೆ, ಎದೆಯ ಜರಿ ನಕ್ಷತ್ರಕ್ಕೆ ಎದುರಿನ ಬಸ್ಸಿನ ಡ್ರೈವರು ಕಣ್ಣು ಮುಚ್ಚುತ್ತಾನೆ ಎಂದು ಊರವರ ಮಾತು. ಆದರೆ ನಕ್ಷತ್ರ ಹೊಗಳಿದರೆ ಸಾಬರಿಗೆ ಸಿಟ್ಟು. "ಚಮಕಿ ಏನ್ ನೋಡ್ತೀರಿ, ಬಗಲ ಹೊಲಿಗಿ ನೋಡ್ರಿ! ವೀರ ಅಂದ್ರ ಯಾರನ್ನರ ಎತ್ತಾಂವ. ಎತ್ತೂಮುಂದ ಬಗಲ ಹರದ್ರ ಅದೆಂಥಾ ವೇಷರಿ?" ಅದಕ್ಕೇ ಪ್ರತಿ ವೇಷವನ್ನೂ ತಾವೇ ತೊಟ್ಟು ಮನೆಗೆ ಹೋಗಿ ಬರದೆ ಯಾರಿಗೂ ಕೊಡುವುದಿಲ್ಲ. ಮುಖವಾಡದ ಕೆಳಗೆ ಬಿಳಿ ಗಡ್ಡ, ಹಿಂದೆ ಪಟಪಟ ಹಾರುವ ಸ್ಯಾಟಿನ್ನು. ಸಾಬರು ಹೀಗೆ ಸೈಕಲ್ ತುಳಿದು ಹೊರಟರೆ ಬಜಾರಿನ ನಾಯಿಗಳೂ ಬೇಸತ್ತು ಈಗ ಬೊಗಳುವುದಿಲ್ಲ. ಮೇಳದ ದಿನ ಬೆಳಿಗ್ಗೆ ಸಾಬರು ತೊಟ್ಟಿದ್ದ ವೇಷದ ಗಿರಾಕಿ, ಶಹಾಬಾದಿನ ಜಟ್ಟೆಪ್ಪ, ಅವರ ಸೈಕಲ್ಲಿನ ಹಿಂದೆ ಓಡುತ್ತ ಮನೆತನಕ ಬಂದ. "ಚಾಚಾ, ನನ್ನ ಅರಿವಿ ಕೊಡ್ರಿ, ಬಸ್ ಹೋಗ್ತದ!" ಸಾಬರು ಕಿವಿಗೇ ಹಾಕಿಕೊಳ್ಳದೆ ಒಳಹೊಕ್ಕು, ಲಕ್ವಾ ಹೊಡೆದು ನಡೆಯಲಾಗದ ಹೆಂಡತಿ ಹಮೀದಾಬೇಗಂರನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಅಂಗಳದ ಬಿಸಿಲಿಗೆ ತಂದು ಕೂರಿಸಿದರು. ಜಟ್ಟೆಪ್ಪ ಬಸ್ಸು ಮರೆತು ನಿಂತ. ಹಮೀದಾಬೇಗಂ ಗಂಡನ ಬಗಲ ಹೊಲಿಗೆಯನ್ನು ಬೆರಳಿನಿಂದ ಸವರಿ ನೋಡಿ ನಕ್ಕರು: "ಗಟ್ಟಿ ಅದ, ಒಯ್ಯಿ ಮಗಾ. ಇವರೇನು, ದಿನಾ ನನ್ನ ಬರೇ ಬನೀನ ಮ್ಯಾಲೇ ಎತ್ತತಾರ."